ಧರ್ಮಾಸ್ಪತ್ರೆಯೂ ನಮ್ಮ ಮನೆಯೂ

ಈ ತಿಂಗಳು ನನ್ನ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ನಿವೇದಿಸಬೇಕೆಂದಿದ್ದೇನೆ. ತಪ್ಪು ನನ್ನದಾದುದರಿಂದ ಹೇಳಲು ಸಂಕೋಚವಾಗುತ್ತಿದೆ. ಆದರೆ ಮೂವತ್ತು ವರ್ಷಕಾಲ ಮಕ್ಕಳ ತಪ್ಪುಗಳಿಗೆ ಕೆಂಪು ಗೆರೆ ಎಳೆದವನು ತನ್ನ ತಪ್ಪನ್ನು ಮರೆಮಾಡುವುದು ನ್ಯಾಯವಲ್ಲ.

ನಿವೃತ್ತನಾದ ಮೇಲೆ ನಾನೂ ನನ್ನ ಗೃಹಿಣಿಯೂ ಬೆಳ್ಳಂದೂರಿನಲ್ಲಿ ಮಗನ ಮನೆಯಲ್ಲಿದ್ದೇವೆ. ಕೆರೆಯಿಂದ ಹೆಸರಾದ ಊರು ಇದು. ಬೆಂಗಳೂರಿನ ಕೆರೆಗಳಲ್ಲೆಲ್ಲ ದೊಡ್ಡದಾದ ಆ ಕೆರೆಯಲ್ಲಿ ೨೦೧೫ರಲ್ಲಿ ನೊರೆಗೇ ಬೆಂಕಿ ಹತ್ತಿದುದನ್ನೂ, ೨೦೧೮ರ ಜನವರಿಯಲ್ಲಿ ದಂಡೆಯ ಬೆಂಕಿಯನ್ನು ಆರಿಸಲು ಸೈನಿಕರು ಬಂದುದನ್ನೂ ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಈಗ ನಮ್ಮ ಮಾಳಿಗೆಯಿಂದ ನೋಡಿದರೆ ಒಂದು ಕಡೆಗೆ ಗಾಜಿನ ಕಚೇರಿಗಳು ಕಾಣುತ್ತವೆ. ಇನ್ನೊಂದು ಕಡೆಗೆ ತಗಡಿನ ಶೆಡ್ಡುಗಳ ಸಾಲು, ನೀಲಿ ಟಾರ್ಪಾಲಿನ ಮಾಡು. ರಾಯಚೂರು, ಯಾದಗಿರಿಗಳ ಕಡೆಯಿಂದಲೂ, ಬಂಗಾಳ, ಒಡಿಶಾ, ಅಸ್ಸಾಮುಗಳಿಂದಲೂ ಹೊಟ್ಟೆಯ ಪಾಡಿಗೆ ಬಂದವರು ಅಲ್ಲಿ ಬಿಡಾರ ಮಾಡಿಕೊಂಡಿರುವರು. ನಮ್ಮ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರೂ, ನಮ್ಮ ಕಸವನ್ನು ಒಯ್ಯುವವರೂ, ನಮ್ಮ ಪಾತ್ರೆಗಳನ್ನು ಬೆಳಗುವವರೂ ಇವರೇ.

ನಮ್ಮ ಮನೆಯ ಕೆಲಸಕ್ಕೆ ಬರುತ್ತಿದ್ದವಳು ಬಂಗಾಳದ ಹೆಣ್ಣುಮಗಳು. ಕಳೆದ ವರ್ಷ ನವರಾತ್ರಿಯ ದಿನಗಳಲ್ಲಿ ಒಮ್ಮೆ ಆಕೆ ನನ್ನೆದುರಿಗೆ ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡು, "ಕಾಶಿ, ಕಾಶಿ" ಎಂದಳು. ಒಂದು ದಿನದ ರಜೆಯನ್ನೂ ಬೇಡಿದಳು. ಬಡತನದಲ್ಲಿಯೂ ಈಕೆಗೆ ಕಾಶೀಯಾತ್ರೆಯ ಹಂಬಲವಿದೆಯಲ್ಲಾ ಎಂದು ನಾನು ಮೆಚ್ಚಿದೆನು. ಎದೆಯ ಮೇಲಿಟ್ಟ ಕೈಯನ್ನು ಭಕ್ತಿಯೆಂದು ತಿಳಿದೆನು. "ಹಬ್ಬ ಕಳೆಯಲಿ ತಾಯಿ, ಆಮೇಲೆ ನೋಡೋಣ" ಎಂದು ಕೈಸನ್ನೆಯಿಂದ ತಿಳಿಸಿದೆನು. ಆಕೆ ತಲೆಯಾಡಿಸಿ ಪಾತ್ರೆಗಳ ಕಡೆಗೆ ಹೋದಳು. ಕೆಮ್ಮಿನ ಸದ್ದು ನಮಗೆ ಕೇಳುತ್ತಲೇ ಇದ್ದಿತು. ರಸ್ತೆಯ ಧೂಳಿನದಿರಬಹುದೆಂದು ಗೃಹಿಣಿಯು ಶುಂಠಿ ಮೆಣಸುಗಳ ಕಷಾಯವನ್ನು ಕೊಟ್ಟಳು.

ಹಬ್ಬ ಕಳೆದ ಮೇಲೆ ಆಕೆ ಎರಡು ದಿನ ಬರಲಿಲ್ಲ. ತಿಂಗಳ ಕೊನೆಯಲ್ಲಿ ಲೆಕ್ಕದ ಪುಸ್ತಕದಲ್ಲಿ "ಎರಡು ದಿನ ಕಡಿತ" ಎಂದು ಬರೆದೆನು. ಆ ಸಾಲು ನನ್ನ ದುಂಡಾದ ಅಕ್ಷರಗಳಲ್ಲಿ ಈಗಲೂ ಅಲ್ಲಿದೆ. ದೀಪಾವಳಿಯು ಕಳೆದು ಕೆಲವು ದಿನಗಳಲ್ಲಿ ಆಕೆ ಬರುವುದೇ ನಿಂತುಹೋಯಿತು. ಒಂದು ವಾರ ಕಾದು, ನನ್ನ ಗೃಹಿಣಿಯು ಕಾವಲುಗಾರನ ಹೆಂಡತಿಯನ್ನು ಕರೆದುಕೊಂಡು ಶೆಡ್ಡುಗಳ ಕಡೆಗೆ ಹೋದಳು. ಆಕೆ ಯಾದಗಿರಿಯವಳು, ಅದೇ ಸಾಲಿನಲ್ಲಿ ವಾಸಿಸುತ್ತ ನೆರೆಯವರ ಮಾತನ್ನು ಅಷ್ಟಿಷ್ಟು ಕಲಿತವಳು. ಹಿಂದಿರುಗಿ ಬಂದ ಗೃಹಿಣಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿಯೇ ನಿಂತು ಹೇಳಿದಳು: "ನೋಡಿ, ಅವಳಿಗೆ ಬೇಕಾಗಿದ್ದುದು ವಿಶ್ವನಾಥನ ಕಾಶಿಯಲ್ಲ. ಅವರ ಮಾತಿನಲ್ಲಿ ಕಾಶಿ ಎಂದರೆ ಕೆಮ್ಮಂತೆ."

ವಾಚಕರೇ, ಸಂಸ್ಕೃತದ 'ಕಾಸ' ಶಬ್ದವೇ ಅದು. ಅಮರಕೋಶದ ವ್ಯಾಧಿನಾಮಗಳನ್ನು ಎಷ್ಟೋ ತಂಡದ ಮಕ್ಕಳಿಂದ ಬಾಯಿಪಾಠ ಮಾಡಿಸಿದ ನನ್ನ ಕಿವಿಗೆ, ಆ ಶಬ್ದವು ಕೆಮ್ಮುತ್ತ ಎದುರಿಗೇ ಬಂದು ನಿಂತಾಗ ಅರ್ಥವಾಗಲಿಲ್ಲ.

ಆ ಎರಡು ದಿನಗಳ ಕಥೆಯೂ ಆಗಲೇ ಹೊರಬಿದ್ದಿತು. ಮೊದಲನೆಯ ದಿನ ಬೇರೆ ಮನೆಗಳ ಕೆಲಸವನ್ನು ಮುಗಿಸಿ ಆಕೆ ಧರ್ಮಾಸ್ಪತ್ರೆಗೆ ಹೋಗುವಷ್ಟರಲ್ಲಿ ಬಾಗಿಲು ಹಾಕಿದ್ದಿತು. ಎರಡನೆಯ ದಿನ ಸರದಿಯಲ್ಲಿ ನಿಂತು ವೈದ್ಯರನ್ನು ಕಂಡಳು. ಕೆಮ್ಮು ಎಷ್ಟು ದಿನದ್ದೆಂಬುದನ್ನು ಹೇಳಲು ಆಕೆಗೆ ಮಾತಿರಲಿಲ್ಲ. ಮೂರು ದಿನಕ್ಕೆ ಗುಳಿಗೆ ಕೊಟ್ಟು, ಮರುದಿನ ಬೆಳಿಗ್ಗೆ ಕಫವನ್ನು ಪರೀಕ್ಷೆಗೆ ತರುವಂತೆ ಸನ್ನೆಮಾಡಿ ಕಳುಹಿಸಿದರು. ಮರುದಿನ ಬೆಳಿಗ್ಗೆ ಆಕೆ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೂರನೆಯ ದಿನದ ಕೂಲಿಯೂ ಹೋಗುವುದೆಂಬ ಭಯ ಆಕೆಯನ್ನು ಎಳೆದು ತಂದಿದ್ದಿತು. ಕಡೆಗೆ ಕಾವಲುಗಾರನ ಹೆಂಡತಿಯೇ ಜೊತೆಯಲ್ಲಿ ಹೋಗಿ ಪರೀಕ್ಷೆ ಮಾಡಿಸಿದಳು. ರೋಗವು ಕ್ಷಯವೆಂದು ಗೊತ್ತಾಯಿತು.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದು ಕಾಲು ಕುಂಟಾದರೂ ಮಂಚ ನಿಲ್ಲುವುದಿಲ್ಲವಷ್ಟೆ. ರೋಗಿಯಲ್ಲಿರಬೇಕಾದ ಗುಣಗಳಲ್ಲಿ 'ಜ್ಞಾಪಕತ್ವ'ವೆಂಬುದನ್ನೂ ಅಲ್ಲಿ ಎಣಿಸಿದೆ. ತನ್ನ ಬಾಧೆಯನ್ನು ವೈದ್ಯನಿಗೆ ತಿಳಿಯಹೇಳುವ ಶಕ್ತಿಯೇ ಜ್ಞಾಪಕತ್ವ. ಪರಭಾಷೆಯ ಊರಿಗೆ ಕೂಲಿಗೆ ಬಂದವರು ಮೊದಲು ಕಳೆದುಕೊಳ್ಳುವುದು ಇದನ್ನೇ. ಅದೇ ಗ್ರಂಥವು ಕ್ಷಯಕ್ಕೆ ನಾಲ್ಕು ಕಾರಣಗಳನ್ನು ಹೇಳುವಾಗ, ಶಕ್ತಿಮೀರಿದ ದುಡಿಮೆಯನ್ನೂ ಹೊತ್ತುಗೊತ್ತಿಲ್ಲದ ಊಟವನ್ನೂ ಸೇರಿಸಿದೆ. ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಜರ್ಮನಿಯ ರಾಬರ್ಟ್ ಕೋಕ್ ೧೮೮೨ರಲ್ಲಿ ಕಂಡುಹಿಡಿದನು. ಆದರೆ ಅದು ಯಾರ ದೇಹದಲ್ಲಿ ಸುಲಭವಾಗಿ ಬೇರೂರುವುದೆಂಬ ವಿಷಯದಲ್ಲಿ ಪ್ರಾಚೀನರ ಮಾತು ಸುಳ್ಳಾಗಿಲ್ಲ. ಕುಗ್ಗಿದ ಮೈ, ಸಾಲದ ಆಹಾರ, ಗಾಳಿಯಾಡದ ಇಕ್ಕಟ್ಟಿನ ಕೋಣೆ, ಇವೇ ಇಂದಿಗೂ ಅದಕ್ಕೆ ನೆಲೆ.

ಸರ್ಕಾರವು ಏನನ್ನೂ ಮಾಡಿಲ್ಲವೆನ್ನುವುದು ಸರಿಯಲ್ಲ. ಹಣವಿಲ್ಲವೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಭೋರ್ ಸಮಿತಿಯು ೧೯೪೬ರಲ್ಲಿಯೇ ಮುಂದಿಟ್ಟಿತು. ನಮ್ಮ ರಾಜ್ಯದ ನಗರಗಳಲ್ಲಿ ಬಡವರ ಸಮೀಪದಲ್ಲಿಯೇ ಚಿಕಿತ್ಸೆ ದೊರೆಯಲೆಂದು ೨೦೨೨ರ ಡಿಸೆಂಬರಿನಲ್ಲಿ 'ನಮ್ಮ ಕ್ಲಿನಿಕ್'ಗಳು ಆರಂಭವಾದುವು. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೂ ನೂರಕ್ಕೆ ಮೀರಿ ತೆರೆದುವು. ಅಲ್ಲಿ ವೈದ್ಯರೂ, ಶುಶ್ರೂಷಕಿಯೂ, ರಕ್ತ ಮೊದಲಾದುವನ್ನು ಪರೀಕ್ಷಿಸುವವರೂ ಇರುವರು. ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾಗಿಲ್ಲ. ಕ್ಷಯದ ಔಷಧವಂತೂ ದೇಶದಲ್ಲೆಲ್ಲ ಸರ್ಕಾರದಿಂದ ಉಚಿತವಾಗಿಯೇ ದೊರೆಯುತ್ತದೆ. ರೋಗಿಯ ಆಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಸಲ್ಲುತ್ತಿದ್ದಿತು. ೨೦೨೪ರ ನವೆಂಬರಿನಿಂದ ಅದನ್ನು ೧೦೦೦ ರೂಪಾಯಿಗೆ ಏರಿಸಿದರು.

ಹಾಗಾದರೆ ಕೊರತೆಯೆಲ್ಲಿ? 'ಉಚಿತ'ವೆಂಬ ಮಾತಿನಲ್ಲಿಯೇ ಇದೆ. ಔಷಧವು ಉಚಿತವಾದರೂ ಆಸ್ಪತ್ರೆಗೆ ಹೋಗುವ ದಿನವು ಉಚಿತವಲ್ಲ. ದಿನಗೂಲಿಯವರು ಆ ದಿನದ ಬೆಲೆಯನ್ನು ಅನ್ನದಿಂದ ತೆರುತ್ತಾರೆ. ನಮ್ಮ ಕ್ಲಿನಿಕ್‌ಗಳಿಗೆ ಆರಂಭದಲ್ಲಿ ಗೊತ್ತುಮಾಡಿದ ವೇಳೆ ಬೆಳಿಗ್ಗೆ ೯ರಿಂದ ಸಂಜೆ ೪.೩೦ರವರೆಗೆ. ನಮ್ಮ ಮನೆಗಳಲ್ಲಿಯೂ ಕಟ್ಟಡಗಳಲ್ಲಿಯೂ ದುಡಿಮೆಯ ವೇಳೆಯೂ ಅದೇ ಅಲ್ಲವೆ? ಹೃದ್ರೋಗತಜ್ಞ ಡಾಕ್ಟರ್ ರಮಣರಾವ್ ಅವರು ನೆಲಮಂಗಲದ ಬಳಿಯ ಟಿ. ಬೇಗೂರಿನಲ್ಲಿ ೧೯೭೦ರ ದಶಕದಿಂದ ನಡೆಸಿಕೊಂಡು ಬಂದ ಧರ್ಮಚಿಕಿತ್ಸಾಲಯವು ಭಾನುವಾರಗಳಲ್ಲಿ ನಡೆಯುವಂಥದು. ಅವರಿಗೆ ೨೦೧೦ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಾಗ ಜನರು ಅವರ ದಾನವನ್ನು ಹೊಗಳಿದರು. ದುಡಿಯುವವರಿಗೆ ಬಿಡುವಿರುವ ದಿನದಲ್ಲಿ ಬಾಗಿಲು ತೆರೆದುದನ್ನೂ ನಾನು ಹೊಗಳುವೆನು.

ಇನ್ನೊಂದು ವಿಷಯವುಂಟು. ಕ್ಷಯದ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಸೇವಿಸಬೇಕು. ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ, ರೋಗವು ಔಷಧಕ್ಕೆ ಬಗ್ಗದಂತೆ ಬಲಿತು ಮರಳಿ ಬರಬಹುದು. ಆರು ತಿಂಗಳ ಔಷಧಕ್ಕೆ ಆರು ತಿಂಗಳು ನಿಲ್ಲುವ ನೆಲೆ ಬೇಕು. ಇಲ್ಲಿಯೇ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ೨೦೨೦ರ ಜನವರಿಯಲ್ಲಿ, ಅಲ್ಲಿದ್ದವರು ಪರದೇಶದವರೆಂಬ ಗುಮಾನಿಯಿಂದ ಬಡವರ ಶೆಡ್ಡುಗಳನ್ನು ಕೆಡವಿದರು. ಅನೇಕರ ಕೈಯಲ್ಲಿ ಈ ದೇಶದವರೆಂಬುದಕ್ಕೆ ಕಾಗದಪತ್ರಗಳಿದ್ದುವು. ಉಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಿ ತಡೆಯಬೇಕಾಯಿತು. ಹೀಗೆ ಮನೆ ಬಿದ್ದ ದಿನ ಗುಳಿಗೆಯ ಪೊಟ್ಟಣವನ್ನು ಯಾರು ಹುಡುಕುವರು?

ಕಾನೂನನ್ನೂ ಆಸ್ಪತ್ರೆಯ ವೇಳೆಯನ್ನೂ ಬದಲಿಸುವುದು ಒಬ್ಬೊಬ್ಬ ಗೃಹಸ್ಥನ ಕೈಯಲ್ಲಿಲ್ಲ. ಆದರೆ ನಾಲ್ಕು ಪಾದಗಳಲ್ಲಿ ಮೂರನೆಯದಾದ ಪರಿಚಾರಕನ ಸ್ಥಾನವು ಬರಿದಾಗಿದೆ. ಅದನ್ನು ತುಂಬುವುದು ನಮಗೆ ಸಾಧ್ಯ. ಮನೆಗೆಲಸದವರು ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ಹಿಡಿಯಕೂಡದು. ಎರಡು ವಾರಕ್ಕೆ ಮೀರಿದ ಕೆಮ್ಮು ಯಾರಿಗೇ ಇರಲಿ, ಕಷಾಯವನ್ನು ನಂಬಿ ಕೂರದೆ ಕಫಪರೀಕ್ಷೆಗೆ ಕಳುಹಿಸತಕ್ಕದ್ದು. ಭಾಷೆ ಬಾರದವರ ಜೊತೆಗೆ ಭಾಷೆ ಬಲ್ಲವರೊಬ್ಬರು ಹೋಗತಕ್ಕದ್ದು. ರೋಗವು ಕ್ಷಯವೆಂದು ತಿಳಿದರೆ ಹೆದರಿ ಕೆಲಸದಿಂದ ಬಿಡಿಸಕೂಡದು. ಅದು ಗಾಳಿಯಿಂದ ಹರಡುವ ರೋಗ. ಪಾತ್ರೆ ಬಟ್ಟೆಗಳನ್ನು ಮುಟ್ಟಿದುದರಿಂದ ಹರಡುವುದಿಲ್ಲ. ಔಷಧವು ಕ್ರಮವಾಗಿ ನಡೆದರೆ ಹರಡುವ ಶಕ್ತಿಯು ಕೆಲವು ವಾರಗಳಲ್ಲಿಯೇ ಬಹಳವಾಗಿ ಕುಗ್ಗುತ್ತದೆ. ಕೆಲಸಕ್ಕೆ ಯಾವಾಗ ಮರಳಬಹುದೆಂಬುದನ್ನು ವೈದ್ಯರು ಹೇಳಲಿ. ಅಲ್ಲಿಯವರೆಗೆ ಸಂಬಳವನ್ನು ನಾವು ಕಳುಹಿಸೋಣ. ರೋಗಿಯ ಜೊತೆಯಲ್ಲಿ ವಾಸಿಸುವವರಿಗೂ, ಹತ್ತಿರದಲ್ಲಿ ಓಡಾಡಿದ ನಮಗೂ ಪರೀಕ್ಷೆ ಅವಶ್ಯಕ. ನಾವೂ ಮಾಡಿಸಿಕೊಂಡೆವು.

ಆಕೆ ಈಗ ಐದನೆಯ ತಿಂಗಳ ಔಷಧದಲ್ಲಿದ್ದಾಳೆ, ಕೆನ್ನೆ ತುಂಬಿಕೊಂಡಿದೆ. ಹಿಡಿದ ಎರಡು ದಿನದ ಕೂಲಿಯನ್ನು ನಾನೇ ಒಯ್ದು ಕೊಟ್ಟೆನು. ಅದೇಕೆಂದು ಆಕೆಗೆ ಮೊದಲು ತಿಳಿಯಲಿಲ್ಲ. ಕಾವಲುಗಾರನ ಹೆಂಡತಿ ಬಿಡಿಸಿ ಹೇಳಿದ ಮೇಲೆ, ಅಜ್ಜನು ಕಾಶಿಗೆಂದು ಕೊಟ್ಟ ದುಡ್ಡೇ ಇದು ಎಂದು ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ಲೆಕ್ಕದ ಪುಸ್ತಕದ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದೆನು.

ವಾಚಕರು ತಮ್ಮ ತಮ್ಮ ಪುಸ್ತಕಗಳನ್ನೂ ಒಮ್ಮೆ ತೆರೆದು ನೋಡಬೇಕೆಂದು ಪ್ರಾರ್ಥನೆ.