ಅಂಗಳದ ಸೂರಕ್ಕಿಗೂ ಒಂದು ಪಾಲಿರಲಿ

ಕಾಫಿ ಕುಯ್ಲು ಮುಗಿದು, ಅಡಿಕೆಯ ಕೊನೆಕೊಯ್ಲೂ ತೀರುತ್ತ ಬಂದ ದಿನಗಳಿವು. ಹೂಮಳೆ ಯಾವಾಗ ಬಿದ್ದೀತೆಂದು ನಾವೆಲ್ಲ ಆಕಾಶ ನೋಡುತ್ತಿರುವ ಈ ಹೊತ್ತಿನಲ್ಲೇ ಮನೆಯ ಮುಂದಿನ ದಾಸವಾಳಕ್ಕೆ ಸೂರಕ್ಕಿ ಬಂದು 'ಚ್ವೀಟ್ ಚ್ವೀಟ್' ಎನ್ನುತ್ತದೆ. ಅದರ ವಿಷಯ ನಾಲ್ಕು ಮಾತು ಹೇಳಬೇಕೆನಿಸಿದೆ.

ಅಮೆರಿಕದಲ್ಲಿ ವಸಂತ ಕಾಲಿಡುವಾಗ ಸೀಸೆಯಲ್ಲಿ ಸಕ್ಕರೆ ನೀರು ತೂಗುಹಾಕಿ ಹಮ್ಮಿಂಗ್ ಬರ್ಡ್ ಹಕ್ಕಿಗಳನ್ನು ಮನೆಯಂಗಳಕ್ಕೆ ಕರೆಯುವ ರೂಢಿಯಿದೆ. ಅಲ್ಲಿರುವ ಮಕ್ಕಳು ಕಳಿಸಿದ ಚಿತ್ರ ನೋಡಿ ನಮ್ಮಲ್ಲೂ ಕೆಲವರಿಗೆ ಆಸೆಯಾಗುವುದು ಸಹಜ. ಆದರೆ ಹಮ್ಮಿಂಗ್ ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮಲ್ಲಿ ಹೂವಿನ ಜೇನು ಹೀರುವ ಆ ಕೆಲಸ ಸೂರಕ್ಕಿಯದು. ಅದು ಸಾಮಾನ್ಯವಾಗಿ ಕಡ್ಡಿಯ ಮೇಲೆ ಕುಳಿತೇ ಜೇನು ಹೀರುತ್ತದೆ. ಬೆನ್ನು ಕಡುಗೆಂಪಾದ ಚಿಕ್ಕ ಸೂರಕ್ಕಿಯಂತೂ ಪಶ್ಚಿಮ ಘಟ್ಟದ ಸೀಮೆಯ ಹೊರಗೆ ಸಿಗುವುದಿಲ್ಲ. ಇಂಥ ಹಕ್ಕಿಯನ್ನು ಬಾಗಿಲಲ್ಲೇ ಇಟ್ಟುಕೊಂಡು ನಾವು ಸೀಸೆ ತೂಗುಹಾಕುವುದೇಕೆ? ಸಕ್ಕರೆ ನೀರು ನಮ್ಮ ಸೆಕೆಗೆ ಬೇಗ ಹುಳಿಯಾಗುತ್ತದೆ, ಇರುವೆಯನ್ನೂ ಕರೆಯುತ್ತದೆ. ಹೂ ಬಿಡುವ ಗಿಡವೇ ಮೇಲು.

ಹಿಂದೆ ಈ ಹಕ್ಕಿಗಾಗಿ ಯಾರೂ ಏನೂ ಮಾಡಬೇಕಾಗಿರಲಿಲ್ಲ. ನೆರಳಿಗೂ ಮೆಣಸಿನ ಬಳ್ಳಿಗೂ ನೆಟ್ಟ ಹಾಲವಾಣ ಎಲೆ ಉದುರಿಸಿ ಕೆಂಪಗೆ ಹೂ ಬಿಡುತ್ತಿತ್ತು. ಹಕ್ಕಿಗಳಿಗೆ ಅದೇ ಛತ್ರ. 2005-06ರ ಸುಮಾರಿಗೆ ಬಂದ ಗಂಟು ಕಣಜದ ಕಾಟದಿಂದ ಹಾಲವಾಣ ಸೊರಗಿತು. ಅನೇಕ ಕಡೆ ಆ ಜಾಗಕ್ಕೆ ಸಿಲ್ವರ್ ಓಕ್ ಬಂತು. ಸಿಲ್ವರ್ ಓಕನ್ನು ನಾವು ದೂರುವುದಿಲ್ಲ. ನಾಟಾ ಮಾರಿ ಕಷ್ಟಕಾಲದಲ್ಲಿ ಸಾಲ ತೀರಿಸಿಕೊಂಡವರು ನಮ್ಮಲ್ಲೇ ಇದ್ದೇವೆ. ಅದರ ಹೂವಿನಲ್ಲೂ ಜೇನಿದೆ. ಆದರೆ ಒಂದೇ ಜಾತಿಯ ಮರ ಒಂದೇ ಕಾಲಕ್ಕೆ ಹೂ ಬಿಡುತ್ತದೆ. ಉಳಿದ ತಿಂಗಳು ಹಕ್ಕಿ ಏನು ಮಾಡಬೇಕು?

ಇದರಿಂದ ನಮಗೇನು ಲಾಭ ಎಂದು ಕೇಳುವವರಿದ್ದಾರೆ. ಕಾಫಿ ಇಳುವರಿ ಹೆಚ್ಚುತ್ತದೆಂದು ನಾವು ಸುಳ್ಳು ಹೇಳುವುದಿಲ್ಲ. ಕಾಫಿ ಹೂವಿಗೆ ಬೇಕಾದುದು ಜೇನುನೊಣ. ಸೂರಕ್ಕಿ ಮರಿಗಳಿಗೆ ಹುಳು, ಜೇಡ ಹಿಡಿದು ತಿನ್ನಿಸುತ್ತದೆ, ಅಷ್ಟೇ. ಆದರೆ ಎಲ್ಲವನ್ನೂ ಮೂಟೆಯ ಲೆಕ್ಕದಲ್ಲೇ ತೂಗಿದರೆ ತೋಟದಲ್ಲಿ ನಮಗೂ ಉಳಿಯುವುದು ಲೆಕ್ಕ ಮಾತ್ರ.

ಮಾಡಬೇಕಾದುದು ಹೆಚ್ಚೇನಿಲ್ಲ. ಅಂಗಳದ ಸುತ್ತ ದಾಸವಾಳ, ಕೇಪಳ, ರತ್ನಗಂಧಿ ಇರಲಿ. ಬಾಳೆಯ ಮೂತಿಯನ್ನು ಒಂದೆರಡು ಗೊನೆಯಲ್ಲಾದರೂ ಬಿಡಿ. ಬೇಲಿಯಂಚಿನ ಬೂರುಗ, ಮುತ್ತುಗಗಳನ್ನು ಸೌದೆಗೆಂದು ಕಡಿಯಬೇಡಿ. ಹೂ ಬಿಟ್ಟ ಗಿಡಗಳಿಗೆ ವಿಷದ ಔಷಧಿ ಸಿಂಪಡಿಸಬೇಡಿ. ಜಗುಲಿಯ ಹತ್ತಿರ ಜೇಡರ ಬಲೆ ಸುತ್ತಿದ ಕಸದ ಚೀಲದಂತೆ ಏನಾದರೂ ನೇತಾಡುತ್ತಿದ್ದರೆ ಪೊರಕೆ ಎತ್ತುವ ಮುನ್ನ ಒಮ್ಮೆ ನೋಡಿ. ಅದು ಸೂರಕ್ಕಿಯ ಗೂಡಿರಬಹುದು.

ಮುಂಗಾರು ಹಿಡಿದಾಗ ನೆರಳಿನ ಗಿಡ ನೆಡುವವರು ನಾಲ್ಕು ಸಿಲ್ವರ್ ಓಕಿನ ಜೊತೆಗೆ ಒಂದು ಹೂವಿನ ಮರ ನೆಡಲಿ ಎಂಬುದೇ ನಮ್ಮ ಕೋರಿಕೆ.