ಫೋಟೋದ ಬೆನ್ನು

ನಮ್ಮ ಸೋದರತ್ತೆ ತೀರಿಕೊಂಡ ಮೂರನೇ ದಿನ ಮನೆಯಲ್ಲಿ ಹುಡುಕಾಟ ಶುರುವಾಯಿತು. ಶಿವಗಣಾರಾಧನೆಯ ದಿನ ಹಾರ ಹಾಕಿ ಇಡಲು ಆಕೆಯ ಫೋಟೋ ಬೇಕಿತ್ತು. ಅಟ್ಟದ ಮೇಲಿನ ಟ್ರಂಕು ಇಳಿಸಿ ಚಾಪೆಯ ಮೇಲೆ ಸುರುವಿದೆವು. ಎಂದೋ ತೀರಿಹೋದ ಮಾವನವು ಬೇಕಾದಷ್ಟಿದ್ದವು. ಅತ್ತೆ ಒಬ್ಬಳೇ ಇರುವುದು ಒಂದೂ ಇರಲಿಲ್ಲ.

ಸ್ಪಷ್ಟವಾಗಿದ್ದುದು ಒಂದೇ, ಮದುವೆಯಾದ ಹೊಸತರಲ್ಲಿ ಚನ್ನಗಿರಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಪರದೆಯ ಮೇಲೆ ಬರೆದ ಉದ್ಯಾನ, ಪಕ್ಕದ ಸ್ಟೂಲಿನ ಮೇಲೆ ಕಾಗದದ ಹೂವು. ಮಾವ ಕೋಟು ತೊಟ್ಟು, ಕೈಗಡಿಯಾರ ಕಾಣುವಂತೆ ತೋಳು ಮಡಚಿ ಕುರ್ಚಿಯಲ್ಲಿ ಕೂತಿದ್ದಾರೆ. ಅತ್ತೆ ನಿಂತಿದ್ದಾಳೆ.

'ಮಾವ ಕೋಟು ಹಾಕ್ತಿದ್ರಾ?' ಎಂದು ಹಿಂದೊಮ್ಮೆ ಕೇಳಿದ್ದೆ.

'ಕೋಟು ಸ್ಟುಡಿಯೋದೋರ್ದು ಕಣಪ್ಪ. ವಾಚೂ ಅವ್ರದ್ದೇ. ಗಂಡ ಒಬ್ಬ ನನ್ನೋನು' ಎಂದು ನಕ್ಕಿದ್ದಳು.

'ನಿನ್ನ ಕೈ ಎಲ್ಲಿ?'

'ಅಡಿಕೆ ಸುಲಿಯೋ ಕಾಲ ಅದು. ಬೆರಳೆಲ್ಲ ಕರ್ರಗಾಗಿದ್ವು. ಸೆರಗಿನಾಗೆ ಮುಚ್ಕಂಡೆ.'

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಬಂತೆಂದರೆ ಹೆಂಗಸರು ಕತ್ತಿಯ ಮುಂದೆ ಕೂತು ರಾತ್ರಿಯವರೆಗೂ ಸುಲಿಯುತ್ತಿದ್ದರು. ಆಮೇಲೆ ಬೇಯಿಸುವುದು, ಒಣಗಿಸುವುದು, ಆರಿಸುವುದು. ಈಗ ಸುಲಿಯುವ ಯಂತ್ರಗಳು ಬಂದಿವೆ. ಹಸಿ ಅಡಿಕೆಯ ಕರೆ ಮಾತ್ರ ಸೋಪಿಗೆ ಹೋಗುವಂಥದಲ್ಲ. ಫೋಟೋದಲ್ಲಿ ಮಾವನ ಮೈಮೇಲೆ ಇಲ್ಲದ ನೌಕರಿಯ ಕೋಟಿದೆ. ಅತ್ತೆಯ ಇದ್ದ ಕೆಲಸ ಸೆರಗಿನೊಳಗಿದೆ.

ಹಳೆಯ ಫೋಟೋ ಸಿಕ್ಕರೆ ಬೆನ್ನು ತಿರುಗಿಸಿ ನೋಡುವುದು ನನ್ನ ಅಭ್ಯಾಸ. ಇದರ ಹಿಂದೆ 'ಚನ್ನಗಿರಿ, ಶಿವಮೊಗ್ಗ ಜಿಲ್ಲೆ' ಎಂಬ ಸ್ಟುಡಿಯೋದ ಮುದ್ರೆ. ಅದರ ಕೆಳಗೆ ಶಾಯಿಯಲ್ಲಿ ಮಾವನ ಹೆಸರು, 'ಮತ್ತು ಧರ್ಮಪತ್ನಿ'. ಅತ್ತೆಯ ತವರು ಜಗಳೂರು. ಅಲ್ಲಿಂದ ಬಂದ ತಂಗಿಯ ಫೋಟೋದ ಹಿಂದೆ ಚಿತ್ರದುರ್ಗ ಜಿಲ್ಲೆ. ನ್ಯಾಮತಿಯ ಮದುವೆಯೊಂದರ ಗುಂಪು ಫೋಟೋದ ಹಿಂದೆ 'ಹೊನ್ನಾಳಿ ತಾಲ್ಲೂಕು'. ಅದರಲ್ಲಿ ಗಂಡಸರಿಗೆ ಕುರ್ಚಿ, ಹೆಂಗಸರು ಹಿಂದಿನ ಸಾಲು. ಅಡಿಗೆಮನೆಯಲ್ಲಿದ್ದವರು ಯಾವ ಸಾಲಿನಲ್ಲೂ ಇಲ್ಲ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗವನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ಬಂದವು. 2017ರ ಬಜೆಟ್ಟಿನಲ್ಲಿ ನ್ಯಾಮತಿ ತಾನೇ ತಾಲ್ಲೂಕು ಎಂದು ಘೋಷಣೆಯಾಯಿತು. ಊರುಗಳೂ ಹೆಣ್ಣುಮಕ್ಕಳ ಹಾಗೆಯೇ, ಇದ್ದಲ್ಲೇ ಇದ್ದರೂ ಮನೆತನ ಬದಲಾಗುತ್ತದೆ. ಆದರೆ ಜಿಲ್ಲೆ ಬದಲಾದರೂ ಚನ್ನಗಿರಿ ಚನ್ನಗಿರಿಯಾಗಿಯೇ ಉಳಿಯಿತು. ಅತ್ತೆಗೆ ಅಷ್ಟೂ ದಕ್ಕಲಿಲ್ಲ. ಫೋಟೋದ ಬೆನ್ನ ಮೇಲೆ ಆಕೆಯ ಹೆಸರೇ ಇಲ್ಲ.

ಕೊನೆಗೆ ಒಂಟಿ ಫೋಟೋ ಸಿಕ್ಕಿದ್ದು ಮತದಾರರ ಗುರುತಿನ ಚೀಟಿಯಲ್ಲಿ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಚುನಾವಣಾ ಆಯೋಗ ಈ ಚೀಟಿಗೆ ಆದೇಶ ಹೊರಡಿಸಿತು. ಆಮೇಲೆ ನಮ್ಮೂರ ಶಾಲೆಯಲ್ಲಿ ಒಂದು ಕುರ್ಚಿ ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ ತೆಗೆದರು. ಅತ್ತೆ ತನ್ನ ಹೆಸರು ಹೇಳಿ, ಕುರ್ಚಿಯಲ್ಲಿ ತಾನೇ ಕೂತದ್ದು ಅದೇ ಮೊದಲು. ಕಳ್ಳತನದಲ್ಲಿ ಸಿಕ್ಕವರ ಹಾಗೆ ಬಂದಿದೆ ಎಂದು ಆ ಚೀಟಿಯ ಫೋಟೋಗಳನ್ನು ಕಂಡು ನಾವೆಲ್ಲ ನಕ್ಕಿದ್ದೆವು. ಅದರಲ್ಲೂ ಗಂಡನ ಹೆಸರಿದೆ, ನಿಜ. ಆದರೆ ಆಕೆಯ ಹೆಸರಿನ ಕೆಳಗಿದೆ.

ಅದನ್ನೇ ದೊಡ್ಡದು ಮಾಡಿಸಲು ಕೊಟ್ಟೆವು. ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಮುಖದ ಸುಕ್ಕು ತೆಗೆದು, ರೇಷ್ಮೆ ಸೀರೆ ಕೂರಿಸಿ ತೋರಿಸಿದ. ಚೆನ್ನಾಗಿಯೇ ಇತ್ತು. ಅತ್ತೆಯ ಮಗಳು ನೋಡಿ, 'ಇವ್ರು ಯಾರು? ನಮ್ಮವ್ವ ಎಲ್ಲಿ?' ಎಂದಳು. ಹುಡುಗ ಮರುಮಾತಿಲ್ಲದೆ ಹಳೆಯ ಸೀರೆಯನ್ನೂ ಸುಕ್ಕುಗಳನ್ನೂ ವಾಪಸು ತಂದ.

ನಿಮ್ಮ ಮನೆಯಲ್ಲೂ ಇಂಥದೊಂದು ಟ್ರಂಕು ಇದ್ದೀತು. ಹೇಳಬಲ್ಲ ಹಿರಿಯರು ಇರುವಾಗಲೇ ಇಳಿಸಿ. ಯಾರು, ಯಾವ ಊರು, ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿ, ಮೆತ್ತನೆಯ ಪೆನ್ಸಿಲಿನಲ್ಲಿ ಹಿಂದೆ ಬರೆದಿಡಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ.

ನಾನು ಚನ್ನಗಿರಿಯ ಫೋಟೋ ತಿರುಗಿಸಿ, 'ಮತ್ತು ಧರ್ಮಪತ್ನಿ'ಯ ಮುಂದೆ ಅತ್ತೆಯ ಹೆಸರು ಬರೆದೆ. ತವರು ಜಗಳೂರು ಎಂದು ಸೇರಿಸಿದೆ. ಅದರ ಕೆಳಗೆ ಇನ್ನೊಂದು ಸಾಲು: ಕೈ ಸೆರಗಿನೊಳಗಿದೆ, ಅಡಿಕೆ ಸುಲಿದದ್ದು.