ಮೇಸ್ತ್ರಿ ಮೇಲೆ ಗೂಬೆ ಕೂರಿಸಬೇಡಿ

ನಮ್ಮ ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ತಪ್ಪದೆ ನಡೆಯೋ ಒಂದು ಜಗಳ ಇದೆ. ಪ್ರಾಜೆಕ್ಟ್ ತಡ ಆಗುತ್ತೆ. ಮ್ಯಾನೇಜರ್ ಸಾಹೇಬ್ರು, "ಅಲ್ರೀ, ಅಷ್ಟು ದೊಡ್ಡ ಸೇತುವೆ ಕಟ್ಟೋರು ಮೊದಲೇ ಪ್ಲಾನ್ ಹಾಕಿ, ಡೇಟ್ ಹೇಳಿ, ಕಟ್ಟಿ ಮುಗಿಸ್ತಾರೆ. ನಿಮಗೆ ಒಂದು ಸ್ಕ್ರೀನ್ ಮಾಡೋಕೆ ಆಗಲ್ವಾ?" ಅಂತಾರೆ. ನಮ್ಮ ಹುಡುಗರ ಉತ್ತರವೂ ರೆಡಿ: "ಸಾಫ್ಟ್‌ವೇರ್ ಅಂದ್ರೆ ಸೇತುವೆ ಅಲ್ಲ ಸಾರ್. ಅವರದ್ದು ವಾಟರ್‌ಫಾಲ್, ನಮ್ಮದು ಅಜೈಲ್." ಇಬ್ಬರೂ ಗೆದ್ದೆವು ಅಂದ್ಕೊಂಡು ಕಾಫಿಗೆ ಹೋಗ್ತಾರೆ.

ನನ್ನ ತಕರಾರು ಇಬ್ಬರ ಮೇಲೂ ಇದೆ. ಇಬ್ಬರೂ ಒಂದು ದಿನವೂ ಕಟ್ಟಡದ ಕೆಲಸ ನಡೆಯೋ ಕಡೆ ನಿಂತವರಲ್ಲ.

ನಾನು ಸಾರಕ್ಕಿಯವನು. ಸಿಗ್ನಲ್ಲಿನಲ್ಲಿ ಕನಕಪುರ ರಸ್ತೆ ಬಿಟ್ಟು ಯಾವುದಾದ್ರೂ ಕ್ರಾಸಿನೊಳಗೆ ಬನ್ನಿ, ತಲೆ ಎತ್ತಿ ಟೆರೇಸುಗಳನ್ನ ನೋಡಿ. ಮೂಲೆ ಮೂಲೆಯಲ್ಲಿ ಕಾಲಮ್ಮಿನ ಕಂಬಿಗಳು ಆಕಾಶಕ್ಕೆ ಕೈ ಚಾಚಿ ನಿಂತಿರುತ್ತವೆ. ಕೆಲವಕ್ಕೆ ಸಿಮೆಂಟ್ ಹಾಲು ಬಳಿದಿರುತ್ತಾರೆ, ಕೆಲವಕ್ಕೆ ತುಕ್ಕು ಹಿಡಿಯದಿರಲಿ ಅಂತ ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕಿರುತ್ತಾರೆ. ಎಲ್ಲವನ್ನೂ ಮೊದಲೇ ಪ್ಲಾನ್ ಮಾಡಿ ಕಟ್ಟಿದ ಮನೆಗಳಾ ಇವು? ಈಗ ದುಡ್ಡಿರೋದು ಒಂದು ಅಂತಸ್ತಿಗೆ. ಮಗಳ ಮದುವೆ ಆದ್ಮೇಲೆ, ಪಿಎಫ್ ಬಂದ್ಮೇಲೆ ಮೇಲಿನದು ನೋಡೋಣ. ಸ್ಪ್ರಿಂಟ್ ಅನ್ನೋ ಪದ ಕೇಳಿರದ ಜನ ನಮಗಿಂತ ಮುಂಚೆಯೇ ಹಂತ ಹಂತವಾಗಿ ಡೆಲಿವರಿ ಮಾಡ್ಕೊಂಡು ಬಂದಿದ್ದಾರೆ.

ನಮ್ಮಪ್ಪ ಮನೆ ಕಟ್ಟಿಸುವಾಗ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ, "ಸಾರ್, ಮುಂದೆ ಮೇಲಕ್ಕೆ ಎಷ್ಟು ಏರಿಸ್ತೀರಾ?" ಅಪ್ಪ "ಸದ್ಯಕ್ಕೆ ಗ್ರೌಂಡ್ ಫ್ಲೋರ್ ಸಾಕಪ್ಪಾ" ಅಂದ್ರು. "ಸದ್ಯಕ್ಕೆ ಕೇಳಿಲ್ಲ ಸಾರ್. ಗೋಡೆ ಆಮೇಲೆ ಒಡೀಬೋದು, ಪಾಯ ಆಮೇಲೆ ಹಾಕೋಕಾಗಲ್ಲ." ಯಾವುದನ್ನ ಈಗಲೇ ತೀರ್ಮಾನ ಮಾಡಬೇಕು, ಯಾವುದನ್ನ ನಾಳೆಗೆ ಬಿಡಬಹುದು ಅನ್ನೋದು ಆತನಿಗೆ ಗೊತ್ತಿತ್ತು. ನಮ್ಮಲ್ಲಿ ಡೇಟಾಬೇಸಿನ ವಿನ್ಯಾಸವನ್ನೂ ಬಟನ್ನಿನ ಬಣ್ಣವನ್ನೂ ಒಂದೇ ಮೀಟಿಂಗಿನಲ್ಲಿ "ಆಮೇಲೆ ನೋಡ್ಕೊಳ್ಳೋಣ" ಪಟ್ಟಿಗೆ ಸೇರಿಸಿಬಿಡ್ತೀವಿ.

ಇದು ಸೈಟಿನ ಮನೆಗಳ ಕಥೆ ಮಾತ್ರ ಅಲ್ಲ. ಕನ್ನಂಬಾಡಿ ಕಟ್ಟೆಯನ್ನೇ ತಗೊಳ್ಳಿ. 1911ರ ನವೆಂಬರಿನಲ್ಲಿ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರು ಮೈಸೂರಿನ ಚೀಫ್ ಎಂಜಿನಿಯರ್. ಮೈಸೂರಿಗೆ ಬೇಕಿದ್ದದ್ದು 41.5 ಟಿಎಂಸಿ ನೀರು ಹಿಡಿಯೋ ಅಣೆಕಟ್ಟು. ಮದ್ರಾಸಿನವರು ಒಪ್ಪಿದ್ದು 11 ಟಿಎಂಸಿಯ ಮೊದಲ ಹಂತಕ್ಕೆ ಮಾತ್ರ. ಮೈಸೂರಿನವರು ಪಾಯವನ್ನ ದೊಡ್ಡ ಅಣೆಕಟ್ಟಿಗೇ ಹಾಕಿದರು. ಮದ್ರಾಸಿನವರು ಅದಕ್ಕೂ ತಕರಾರು ತೆಗೆದರು. 1914ರಲ್ಲಿ ಪಂಚಾಯ್ತಿಯ ತೀರ್ಪು ಬಂತು, ಅದರ ಮೇಲೆ ಅಪೀಲು ಹೋಯ್ತು, ಕೊನೆಗೆ ಒಪ್ಪಂದ ಆಗಿದ್ದು 1924ರಲ್ಲಿ. ಅಷ್ಟೂ ವರ್ಷ ರಿಕ್ವೈರ್‌ಮೆಂಟ್ ಫೈನಲ್ ಆಗಿರಲಿಲ್ಲ, ಕೆಲಸ ಮಾತ್ರ ನಡೀತಾನೇ ಇತ್ತು. ಸಾರಕ್ಕಿ ಟೆರೇಸಿನ ಕಂಬಿಯೂ ಕನ್ನಂಬಾಡಿಯ ಪಾಯವೂ ಒಂದೇ ಜಾತಿಯ ತಲೆಯಿಂದ ಹುಟ್ಟಿದ್ದು.

ಇನ್ನು ವಾಟರ್‌ಫಾಲ್ ಅನ್ನೋ ಬೈಗುಳ. ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಲೇಖನದಲ್ಲಿ ಆ ಮೆಟ್ಟಿಲು ಮೆಟ್ಟಿಲಿನ ಚಿತ್ರ ಇದೆ, ವಾಟರ್‌ಫಾಲ್ ಅನ್ನೋ ಪದ ಇಲ್ಲ. ಹೀಗೆ ಮಾಡಿದ್ರೆ ಅಪಾಯ, ಹೊಸ ತರದ ಕೆಲಸ ಆದ್ರೆ ಒಂದು ಸಲ ಸಣ್ಣದಾಗಿ ಮಾಡಿ ನೋಡಿ ಆಮೇಲೆ ನಿಜವಾದದ್ದು ಮಾಡಿ ಅಂತ ಅದೇ ಲೇಖನದಲ್ಲಿ ಹೇಳಿದ್ದಾರೆ. ರಾಯ್ಸ್ ಬರೀತಿದ್ದದ್ದು ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಬಗ್ಗೆ. ನಾವೇ ತಪ್ಪಾಗಿ ಓದಿ, ನಾವೇ ತಪ್ಪಾಗಿ ಮಾಡಿ, ಅಪವಾದ ಮಾತ್ರ ಸಿವಿಲ್‌ನವರ ತಲೆಗೆ ಕಟ್ಟಿದೆವು.

ಮ್ಯಾನೇಜರ್‌ಗಳು ಖುಷಿ ಪಡೋದು ಬೇಡ. ನಿಮ್ಮ ಹೋಲಿಕೆ ಇನ್ನೂ ಕೆಟ್ಟದ್ದು. ಜಾಕ್ ರೀವ್ಸ್ ಅನ್ನೋರು 1992ರಲ್ಲೇ ಬರೆದಿದ್ದಾರೆ: ಕೋಡ್ ಬರೆಯೋದು ಇಟ್ಟಿಗೆ ಜೋಡಿಸೋ ಕೆಲಸ ಅಲ್ಲ, ಅದು ಡಿಸೈನ್. ಕಟ್ಟೋ ಕೆಲಸವನ್ನ ಕಂಪೈಲರ್ ಮಾಡುತ್ತೆ, ಹೆಚ್ಚು ಕಮ್ಮಿ ಪುಗಸಟ್ಟೆ. ಅಂದ್ರೆ ನೀವು ಡೇಟ್ ಕೇಳ್ತಿರೋದು ಗಾರೆ ಕೆಲಸದವನ ಹತ್ತಿರ ಅಲ್ಲ, ಇನ್ನೂ ನಕ್ಷೆ ಬರೀತಾ ಇರೋನ ಹತ್ತಿರ. ಮತ್ತೆ ಸಿವಿಲ್‌ನವರು ಡೇಟ್ ತಪ್ಪಲ್ಲ ಅನ್ನೋ ನಂಬಿಕೆ ಬೆಂಗಳೂರಿನಲ್ಲಿ ಕೂತಿರೋರಿಗೆ ಹೇಗಪ್ಪಾ ಬಂತು? ನಮ್ಮ ಮೆಟ್ರೋಗೆ ಅಡಿಗಲ್ಲು ಹಾಕಿದ್ದು 2006ರ ಜೂನ್. ನಮ್ಮ ಸಿಗ್ನಲ್ ಮೇಲೆ ರೈಲು ಓಡಿದ್ದು 2017ರ ಜೂನ್. ನಾನು ಕಾಲೇಜು ಮುಗಿಸಿ ಮೂರು ಕಂಪನಿ ಬದಲಾಯಿಸುವಷ್ಟು ಟೈಮ್.

ಹಾಗಾದ್ರೆ ಅವರಿಗೂ ನಮಗೂ ವ್ಯತ್ಯಾಸವೇ ಇಲ್ವಾ? ಇದೆ. ನಾವು ಅದನ್ನ ಬಾಯಿ ಬಿಟ್ಟು ಹೇಳಲ್ಲ.

ನಮ್ಮ ಮನೆಯ ಮೋಲ್ಡ್ ಹಾಕಿ ಎಂಟು ದಿನ ಆಗಿತ್ತು. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು, ಕಾರ್ಡೂ ಹಂಚಿಯಾಗಿತ್ತು. ಅಪ್ಪ ಸೆಂಟ್ರಿಂಗ್ ಬಿಚ್ಚಿಸಿ, ಒಳಗಡೆ ಪ್ಲಾಸ್ಟರಿಂಗ್ ಶುರು ಮಾಡಿಸಿ ಅಂತ ದುಂಬಾಲು ಬಿದ್ರು. ಮೇಸ್ತ್ರಿ ಬಗ್ಗಲಿಲ್ಲ. "ಮುಹೂರ್ತ ಮುಂದಕ್ಕೆ ಹಾಕ್ಸಬೋದು ಸಾರ್, ಕಾಂಕ್ರೀಟು ಅವಸರ ಮಾಡ್ಸೋಕಾಗಲ್ಲ. ಹದಿನಾಲ್ಕು ದಿನ." ಅಪ್ಪ ರೇಗಿದ್ರು, ಬೇರೆಯವರನ್ನ ಕರೆಸ್ತೀನಿ ಅಂದ್ರು. "ಕರೆಸಿ ಸಾರ್. ಬಿಚ್ಚೋಕೆ ನಾನು ಒಪ್ಪಲ್ಲ" ಅಂತ ಹೇಳಿ, ಮೇಲೆ ಬದು ಕಟ್ಟಿ ನಿಲ್ಲಿಸಿದ್ದ ನೀರು ನೋಡೋಕೆ ಏಣಿ ಹತ್ತಿದ. ಅಮ್ಮ ಮಧ್ಯೆ ಬಂದು "ಇರ್ಲಿ ಬಿಡಿ, ಅವರು ಹೇಳಿದ ಹಾಗೇ ಆಗಲಿ" ಅಂದ್ರು. ಮುಹೂರ್ತ ಮುಂದೆ ಹೋಯ್ತು. ಆತ ಹೇಳಿದ ಲೆಕ್ಕ ಪುಸ್ತಕದಲ್ಲೂ ಇದೆ ಅಂತ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರಿಗಿಂತ ಅಗಲದ ಸ್ಲ್ಯಾಬಿನ ಊರುಗೋಲು 14 ದಿನ ತೆಗೆಯೋ ಹಾಗಿಲ್ಲ. ನಮ್ಮ ಹಾಲು ಅದಕ್ಕಿಂತ ಅಗಲ.

ಈಗ ನನ್ನ ಕಥೆ ಕೇಳಿ. ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ನಮ್ಮ ಟೀಮಿನದ್ದು ಸಾಲದ ಕಂತು ಕತ್ತರಿಸೋ ಕೋಡು. ಶುಕ್ರವಾರ ಸಂಜೆ. ಟೆಸ್ಟಿಂಗ್ ಹುಡುಗಿ, "ಎರಡೆರಡು ಸಲ ರಿಕ್ವೆಸ್ಟ್ ಹೋದ್ರೆ ಏನಾಗುತ್ತೆ ಅಂತ ನಾನಿನ್ನೂ ನೋಡಿಲ್ಲ, ಎರಡು ದಿನ ಕೊಡಿ" ಅಂದಳು. ಸೋಮವಾರ ಡೆಮೋ ಇತ್ತು. ಯಾರೂ ಬೇಡ ಅನ್ನಲಿಲ್ಲ. ಅಪ್ರೂವ್ ಬಟನ್ ಒತ್ತಿದವನು ನಾನೇ. ತಿಂಗಳ ಐದನೇ ತಾರೀಕು ಒಂದಷ್ಟು ಜನರ ಅಕೌಂಟಿನಿಂದ ಕಂತು ಎರಡು ಸಲ ಹೋಯ್ತು. ಒಬ್ಬರು ಹೆಂಗಸು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಮನೆ ಬಾಡಿಗೆ ಚೆಕ್ ಬೌನ್ಸ್ ಆಗಿದೆ, ಓನರ್‌ಗೆ ಏನು ಹೇಳಲಿ ಅಂತ ಅತ್ತ ರೆಕಾರ್ಡಿಂಗ್ ಅನ್ನ ನಮ್ಮೆಲ್ಲರಿಗೂ ಕೇಳಿಸಿದರು. ಆಮೇಲೆ ಪೋಸ್ಟ್‌ಮಾರ್ಟಮ್ ಮೀಟಿಂಗ್. ವರದಿಯಲ್ಲಿ ಕಾರಣ: "ಪ್ರೊಸೆಸ್ ಗ್ಯಾಪ್". ಯಾರ ಹೆಸರೂ ಇರಲಿಲ್ಲ. ನನಗಂತೂ ಒಳಗೊಳಗೇ ನಿರಾಳ ಆಯ್ತು, ಸುಳ್ಳು ಯಾಕೆ ಹೇಳಲಿ.

"ಸಾಫ್ಟ್‌ವೇರ್ ಅಂದ್ರೆ ಸೇತುವೆ ಅಲ್ಲ" ಅಂತ ಎದೆ ತಟ್ಟಿ ಹೇಳುವಾಗ ನಾವು ತಪ್ಪಿಸಿಕೊಳ್ತಿರೋದು ವಾಟರ್‌ಫಾಲ್‌ನಿಂದ ಅಲ್ಲ. ಆ ಹದಿನಾಲ್ಕು ದಿನದಿಂದ, "ಬಿಚ್ಚೋಕೆ ನಾನು ಒಪ್ಪಲ್ಲ" ಅನ್ನೋ ಮಾತಿನಿಂದ. ಆಮೇಲೆ ಸರಿಮಾಡಬಹುದಲ್ಲ, ಪ್ಯಾಚ್ ಹಾಕಬಹುದಲ್ಲ ಅನ್ನೋದು ನಮ್ಮ ವಾದ. ಹೌದು, ಕೋಡನ್ನ ಸರಿಮಾಡಬಹುದು. ಆ ಬೌನ್ಸ್ ಆದ ಚೆಕ್ಕಿಗೆ ಯಾವ ಪ್ಯಾಚು?

ಕಟ್ಟಡದೋರೆಲ್ಲ ಸತ್ಯ ಹರಿಶ್ಚಂದ್ರರು ಅಂತ ನಾನು ಹೇಳ್ತಿಲ್ಲ. ನಮ್ಮ ಸಾರಕ್ಕಿ ಕೆರೆಯ ಜಾಗದಲ್ಲಿ ಎದ್ದಿದ್ದ ಕಟ್ಟಡಗಳನ್ನ 2015ರಲ್ಲಿ ಜೆಸಿಬಿ ತಂದು ಕೆಡವಬೇಕಾಯ್ತು. ಪ್ಲಾನ್ ಒಂದು, ಕಟ್ಟಿದ್ದು ಇನ್ನೊಂದು ಅನ್ನೋ ಮನೆಗಳನ್ನ ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳೋಕೆ ಅಕ್ರಮ ಸಕ್ರಮ ಅಂತ ಯೋಜನೆಯನ್ನೇ ತಂದ ರಾಜ್ಯ ನಮ್ಮದು. (ಟೆಕ್ನಿಕಲ್ ಡೆಟ್‌ಗೆ ಇದಕ್ಕಿಂತ ಒಳ್ಳೇ ಕನ್ನಡ ಪದ ನನಗಂತೂ ಸಿಕ್ಕಿಲ್ಲ.) ಆದ್ರೂ ಪೀಣ್ಯ ಫ್ಲೈಓವರ್ ನೆನಪು ಮಾಡ್ಕೊಳ್ಳಿ. 2021ರ ಡಿಸೆಂಬರಿನಲ್ಲಿ ಒಳಗಿನ ಕೇಬಲ್‌ಗಳಲ್ಲಿ ದೋಷ ಕಂಡಾಗ ಪೂರ್ತಿ ಮುಚ್ಚಿದರು. ಸಣ್ಣ ಗಾಡಿ ಬಿಟ್ಟ ಮೇಲೂ ಲಾರಿ ಬಸ್ಸುಗಳನ್ನ ಎರಡು ವರ್ಷಕ್ಕೂ ಮೇಲೆ ಬಿಡಲಿಲ್ಲ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು ನಾವೆಲ್ಲ ಬೈದುಕೊಂಡೆವು. ಅಷ್ಟು ಬೈಗುಳದ ಮಧ್ಯೆಯೂ ಯಾರೋ "ಬೇಡ" ಅಂತ ಗಟ್ಟಿಯಾಗಿ ಹೇಳಿದ್ದರು. ನಮ್ಮಲ್ಲಾಗಿದ್ರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ಚುಕ್ಕಿ ಬರ್ತಿತ್ತು, ಲಾರಿಗಳು ಓಡ್ತಾನೇ ಇರ್ತಿದ್ವು.

ಅದಕ್ಕೇ ಕಳೆದ ಪ್ಲಾನಿಂಗಿನಲ್ಲಿ ಒಂದು ಸಣ್ಣ ಬೇಡಿಕೆ ಇಟ್ಟೆ. ದುಡ್ಡು ಮುಟ್ಟೋ ಪ್ರತಿ ರಿಲೀಸಿನ ಟಿಕೆಟ್ಟಿನಲ್ಲಿ ಒಂದು ಖಾನೆ ಇರಲಿ, ಇದನ್ನ ನಿಲ್ಲಿಸೋ ಹಕ್ಕು ಯಾರದ್ದು ಅಂತ. ಒಬ್ಬರದ್ದೇ ಹೆಸರು, ಟೀಮಿನ ಹೆಸರಲ್ಲ. ಅವರು ಬೇಡ ಅಂದ್ರೆ ಸಿಇಒ ಬಂದರೂ ಹೋಗಬಾರದು. ಎಲ್ಲರೂ ತಲೆ ಆಡಿಸಿದರು. "ತುಂಬಾ ವಾಟರ್‌ಫಾಲ್ ಆಯ್ತು ಗುರೂ" ಅಂದ ಒಬ್ಬ. ಸ್ಕ್ರಮ್ ಮಾಸ್ಟರ್ ಮಾತ್ರ ಒಳ್ಳೇ ಐಡಿಯಾ ಅಂತ ಟಿಕೆಟ್ ಮಾಡಿಕೊಂಡಳು. ನಾಲ್ಕು ಸ್ಪ್ರಿಂಟ್ ಆಯ್ತು, ಬ್ಯಾಕ್‌ಲಾಗಿನಲ್ಲಿದೆ. ಅದರ ಹೊಣೆ ಯಾರದ್ದು ಅನ್ನೋ ಖಾನೆ ಇನ್ನೂ ಖಾಲಿ.